ಯಾರಿಗೆ ಹೋಲಿಸಿದರೆ ಗುಣ?

1989ರಲ್ಲಿ ಅಮೆರಿಕದ ಕೆಲವು ನೇತ್ರವೈದ್ಯರು ಒಂದು ಶಸ್ತ್ರಚಿಕಿತ್ಸೆಯ ಬಗ್ಗೆ ಉತ್ಸಾಹದಿಂದ ಬರೆದರು. ಐವತ್ತು ದಾಟಿದ ಕೆಲವರಿಗೆ ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನ ನೋಟದಲ್ಲಿ ಕೆಳಗಿನರ್ಧ ಮಾಯವಾಗಿರುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಕಣ್ಣನ್ನು ಮಿದುಳಿಗೆ ಕೂಡಿಸುವ ದೃಷ್ಟಿನರದ ಮುಂತುದಿಗೆ ರಕ್ತ ಸಾಲದೆ ಅದು ಊದಿಕೊಂಡಿರುತ್ತದೆ. ಊದಿದ ನರ ತನ್ನದೇ ಕವಚದೊಳಗೆ ಹಿಸುಕಿಹೋಗುತ್ತಿರಬೇಕು, ಕವಚಕ್ಕೊಂದು ಸೀಳು ಕೊಟ್ಟು ಬಿಗಿ ಸಡಿಲಿಸಿದರೆ ಉಳಿದ ದೃಷ್ಟಿಯನ್ನಾದರೂ ಉಳಿಸಬಹುದು ಎಂಬುದು ಆ ವೈದ್ಯರ ತರ್ಕ. ಮಾಡಿ ನೋಡಿದರು. ಆಪರೇಷನ್ ಆದ ಹಲವರು ಗೋಡೆಯ ಮೇಲಿನ ಅಕ್ಷರ ಫಲಕದಲ್ಲಿ ಮೊದಲು ಕಾಣದಿದ್ದ ಸಾಲುಗಳನ್ನು ಓದಿದರು. ರೋಗಿಗೆ ಸಂತೋಷ, ವೈದ್ಯರಿಗೆ ಹುಮ್ಮಸ್ಸು. ಪದ್ಧತಿ ಬೇಗ ಹಬ್ಬಿತು. ಆಮೇಲೆ 1992ರಲ್ಲಿ ಅಲ್ಲಿನ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಹಣ ಕೊಟ್ಟು 25 ಕೇಂದ್ರಗಳಲ್ಲಿ ಪರೀಕ್ಷೆಯೊಂದನ್ನು ಶುರುಮಾಡಿಸಿತು. ಯಾರಿಗೆ ಆಪರೇಷನ್, ಯಾರಿಗೆ ಬರೀ ನಿಗಾ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. 244 ಮಂದಿಯ ಲೆಕ್ಕ 1995ರಲ್ಲಿ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ಆಪರೇಷನ್ ಆದವರಲ್ಲಿ ಶೇ 32.6ರಷ್ಟು ಮಂದಿಗೆ ಫಲಕದ ಮೂರು ಸಾಲು ಅಥವಾ ಅದಕ್ಕೂ ಹೆಚ್ಚು ದೃಷ್ಟಿ ಮರಳಿತ್ತು. ಏನೂ ಮಾಡದೆ ನಿಗಾದಲ್ಲಿಟ್ಟವರಲ್ಲಿ ಆ ಪ್ರಮಾಣ ಶೇ 42.7. ಮೂರು ಸಾಲು ಕಳೆದುಕೊಂಡವರೋ, ಆಪರೇಷನ್ ಗುಂಪಿನಲ್ಲಿ ಶೇ 23.9, ಇನ್ನೊಂದರಲ್ಲಿ ಶೇ 12.4. ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು.

ಮೊದಲು ಬರೆದ ವೈದ್ಯರು ಸುಳ್ಳು ಹೇಳಿರಲಿಲ್ಲ. ಅವರ ರೋಗಿಗಳು ನಿಜವಾಗಿಯೂ ಹೆಚ್ಚು ಸಾಲು ಓದಿದ್ದರು. ಆದರೆ ಆಪರೇಷನ್ ಮಾಡಿಸಿಕೊಳ್ಳದಿದ್ದರೂ ಅವರಲ್ಲಿ ಅಷ್ಟೇ ಜನ, ಬಹುಶಃ ಇನ್ನೂ ಹೆಚ್ಚು ಜನ, ಓದುತ್ತಿದ್ದರು ಎಂಬುದನ್ನು ತಿಳಿಯುವ ದಾರಿ ಅವರ ಬಳಿ ಇರಲಿಲ್ಲ. ಊತ ಇಳಿದಾಗ ಅರೆಜೀವವಾಗಿದ್ದ ಎಳೆಗಳು ಚೇತರಿಸಿಕೊಳ್ಳುತ್ತವೆ. ನೋಟದ ನಡುವೆ ಕುರುಡು ಕಲೆ ಬಿದ್ದವರು ತಲೆ ವಾರೆ ಮಾಡಿ, ಕಣ್ಣು ಹೊರಳಿಸಿ, ಕಲೆಯ ಪಕ್ಕದಿಂದ ಓದುವುದನ್ನು ತಮಗೇ ಗೊತ್ತಿಲ್ಲದಂತೆ ಕಲಿಯುತ್ತಾರೆ. ಮೂರನೇ ಸಲ ಅದೇ ಫಲಕ ನೋಡುವವರು ಮೊದಲ ಸಲದವರಿಗಿಂತ ಧೈರ್ಯವಾಗಿ ಊಹಿಸುತ್ತಾರೆ. ಎಲ್ಲಕ್ಕೂ ಮೊದಲು, ಜನ ವೈದ್ಯರ ಬಳಿ ಓಡುವುದೇ ಸ್ಥಿತಿ ತೀರಾ ಕೆಟ್ಟಾಗ. ತಳ ಮುಟ್ಟಿದ ಮೇಲೆ ಉಳಿಯುವ ದಾರಿ ಹೆಚ್ಚಾಗಿ ಮೇಲಕ್ಕೇ. ದೃಷ್ಟಿನರದ ಇನ್ನೊಂದು ಕಾಯಿಲೆ, ಉರಿಯೂತದಿಂದ ಬರುವ ಆಪ್ಟಿಕ್ ನ್ಯೂರೈಟಿಸ್‌ನಲ್ಲಿ ಇದು ಇನ್ನೂ ಸ್ಪಷ್ಟ. 457 ರೋಗಿಗಳ ಮೇಲೆ ನಡೆದ, 1992ರಲ್ಲಿ ಮೊದಲ ಫಲಿತಾಂಶ ಬಂದ ಪ್ರಸಿದ್ಧ ಅಧ್ಯಯನದಲ್ಲಿ ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಲ್ಲೂ ಬಹುಪಾಲು ಜನರ ನೋಟ ಮರಳಿತು. ಹದಿನೈದು ವರ್ಷದ ನಂತರ ಅಳೆದಾಗ ಕಾಯಿಲೆ ಬಿದ್ದಿದ್ದ ಕಣ್ಣುಗಳಲ್ಲಿ ಶೇ 72 ಪೂರ್ಣ ದೃಷ್ಟಿಯ ಸಾಲನ್ನು ಓದುತ್ತಿದ್ದವು. ಇಂಥ ಕಾಯಿಲೆಗೆ ನಿಂಬೆಹಣ್ಣು ಮಂತ್ರಿಸಿ ಕೊಟ್ಟರೂ ಮುಕ್ಕಾಲು ಪಾಲು ಗುಣದ ಕೀರ್ತಿ ಬರುತ್ತದೆ.

ಹಳೆಯ ಆಪರೇಷನ್ನಿನ ಮಾತು ಈಗೇಕೆ ಎಂದರೆ, ಅದೇ ಜಾಗಕ್ಕೆ ಇಂದು ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಬಂದು ಕೂತಿವೆ. ಹೊಟ್ಟೆಯ ಕೊಬ್ಬಿನಿಂದಲೋ ಸೊಂಟದ ಎಲುಬಿನ ಮಜ್ಜೆಯಿಂದಲೋ ರೋಗಿಯದೇ ಕೋಶಗಳನ್ನು ತೆಗೆದು, ಒಂದಿಷ್ಟು ಸೋಸಿ, ಕಣ್ಣೊಳಗೋ ಕಣ್ಣಿನ ಹಿಂದಕ್ಕೋ ರಕ್ತನಾಳಕ್ಕೋ ಚುಚ್ಚುವುದು. ದೃಷ್ಟಿನರ ನಿಧಾನವಾಗಿ ಸವೆಯುವ ಗ್ಲಾಕೋಮಾ, ಲೇಬರ್ ಎಂಬ ಆನುವಂಶಿಕ ನರಕಾಯಿಲೆ, ಪೆಟ್ಟು ಬಿದ್ದು ಸೊರಗಿದ ನರ, ಎಲ್ಲಕ್ಕೂ ಒಂದೇ ಪ್ಯಾಕೇಜು. ಜಾಹೀರಾತಿನಲ್ಲಿ ಸಾಕ್ಷಿಯಾಗಿ ನಿಲ್ಲುವುದು ರೋಗಿಗಳ ವಿಡಿಯೊ: ಮೊದಲು ಕೈ ಕಾಣುತ್ತಿರಲಿಲ್ಲ, ಈಗ ಬೆರಳು ಎಣಿಸುತ್ತೇನೆ. ದೃಷ್ಟಿನರದ ಕಾಯಿಲೆಯಿಂದ ಹೋದ ನೋಟವನ್ನು ಆಕರಕೋಶದಿಂದ ಮರಳಿಸುವ ಚಿಕಿತ್ಸೆಗೆ ಯಾವ ಪ್ರಮುಖ ದೇಶದ ಔಷಧ ನಿಯಂತ್ರಕರೂ ಇದುವರೆಗೆ ಒಪ್ಪಿಗೆ ಕೊಟ್ಟಿಲ್ಲ. ಇದಕ್ಕೆ ಅಧಿಕಾರಿಗಳ ಹಟ ಕಾರಣವಲ್ಲ ಎಂಬುದು ನನ್ನ ವಾದ. ಕಾರಣ ಎರಡು. ಒಂದು ಆ ನರದ ರಚನೆಯಲ್ಲಿದೆ. ಇನ್ನೊಂದು 1995ರ ಆ ಅಂಕಿಗಳಲ್ಲಿದೆ: ಹೋಲಿಸಿ ನೋಡಲು ಎದುರಿಗೆ ಇನ್ನೊಂದು ಗುಂಪಿಲ್ಲದೆ ದೃಷ್ಟಿನರದ ವಿಚಾರದಲ್ಲಿ 'ಗುಣವಾಯಿತು' ಎಂಬ ಮಾತಿಗೆ ಬೆಲೆಯಿಲ್ಲ.

ರಚನೆಯನ್ನೇ ಮೊದಲು ನೋಡೋಣ. ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಬೇರೆ, ಅದರ ಸುದ್ದಿಯನ್ನು ಮಿದುಳಿಗೆ ಸಾಗಿಸುವ ಕೋಶಗಳು ಬೇರೆ. ಸಾಗಿಸುವವು ಗ್ಯಾಂಗ್ಲಿಯನ್ ಕೋಶಗಳು. ಒಂದು ಕಣ್ಣಿಗೆ ಸುಮಾರು ಹತ್ತು ಹನ್ನೆರಡು ಲಕ್ಷ. ಪ್ರತಿಯೊಂದರಿಂದಲೂ ಹೊರಡುವ ಒಂದು ಎಳೆ ಕಣ್ಣಿನ ಹಿಂಬದಿಯ ಜರಡಿಯಂಥ ಪದರವನ್ನು ತೂರಿ, ಸುಮಾರು ಐದು ಸೆಂಟಿಮೀಟರ್ ನರದಲ್ಲಿ ಸಾಗಿ, ಎರಡು ಕಣ್ಣಿನ ನರಗಳು ಕೂಡುವ ಚೌಕದಲ್ಲಿ ಎಡಕ್ಕೋ ಬಲಕ್ಕೋ ತಿರುಗಿ, ಇನ್ನೂ ಮುಂದೆ ಹೋಗಿ ಹೆಚ್ಚಾಗಿ ಮಿದುಳಿನ ನಡುವಿನ ಥಲಮಸ್ ಎಂಬ ಭಾಗದಲ್ಲಿ ತನಗೆ ಗೊತ್ತುಮಾಡಿದ ಪದರದ, ಗೊತ್ತುಮಾಡಿದ ಜಾಗದಲ್ಲೇ ನಿಲ್ಲುತ್ತದೆ. ಈ ಕೋಶಗಳೆಲ್ಲ ಒಂದೇ ಬಗೆಯವೂ ಅಲ್ಲ. ಇಲಿಯ ರೆಟಿನಾದಲ್ಲೇ ನಲವತ್ತಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ. ಚಲನೆಗೊಂದು, ಅಂಚಿಗೊಂದು, ಹಗಲು ರಾತ್ರಿಯ ಅರಿವಿಗೊಂದು. ಮಗ್ಗದ ಮೇಲಿನ ಹಾಸು ಮುಗಿದಾಗ ಇಳಕಲ್ಲಿನ ನೇಕಾರರು ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಅದೇ ಸ್ಥಾನದ ಎಳೆಗೆ ಹೊಸೆದು ಕೂಡಿಸುತ್ತಾರೆ, ಒಂದು ತಪ್ಪಿದರೆ ಅಂಚಿನ ಚಿತ್ತಾರ ಕೆಡುತ್ತದೆ. ಇಲ್ಲಿ ಅಂಥ ಎಳೆ ಹತ್ತು ಲಕ್ಷಕ್ಕೂ ಮೇಲೆ, ಕೂಡಿಸುವ ಕೈ ಮಾತ್ರ ಯಾವುದೂ ಇಲ್ಲ. ಗ್ಲಾಕೋಮಾದಲ್ಲಿ ಎಳೆ ಜರಡಿಪದರದ ಬಳಿ ಜಖಂಗೊಳ್ಳುತ್ತದೆ, ಆಮೇಲೆ ಕೋಶವೇ ಸಾಯುತ್ತದೆ. ಹಾಗಾಗಿ ಹೊಸ ಕೋಶ ಬಂದು ಕಣ್ಣಲ್ಲಿ ಬದುಕುಳಿಯುವುದು ಕೆಲಸದ ಆರಂಭ ಮಾತ್ರ. ಅದು ಸರಿಯಾದ ಪದರದಲ್ಲಿ ನೆಲೆಸಬೇಕು, ಬೆಳಕು ಹಿಡಿಯುವ ಕೋಶಗಳ ಕಡೆ ಕೈ ಚಾಚಬೇಕು, ಮಿದುಳಿನವರೆಗೆ ಎಳೆ ಬೆಳೆಸಬೇಕು, ಅಲ್ಲಿ ತನ್ನ ವಿಳಾಸ ಹುಡುಕಬೇಕು.

ಈ ವಿಳಾಸದ ವಿಷಯ ಎಷ್ಟು ಕಟ್ಟುನಿಟ್ಟು ಎಂಬುದನ್ನು ರೋಜರ್ ಸ್ಪೆರಿ 1940ರ ದಶಕದಲ್ಲೇ ತೋರಿಸಿದ್ದರು. ಕಪ್ಪೆಯ ದೃಷ್ಟಿನರ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ, ನಮ್ಮದರಂತಲ್ಲ. ಸ್ಪೆರಿ ನರ ಕತ್ತರಿಸಿದ್ದಲ್ಲದೆ ಕಣ್ಣುಗುಡ್ಡೆಯನ್ನೂ ತಲೆಕೆಳಗಾಗಿ ತಿರುಗಿಸಿಟ್ಟರು. ನರ ಬೆಳೆಯಿತು, ನೋಟ ಬಂತು. ಆದರೆ ನೊಣ ಮೇಲಿದ್ದಾಗ ಕಪ್ಪೆ ಕೆಳಗೆ ನಾಲಿಗೆ ಚಾಚಿತು. ಎಷ್ಟು ದಿನ ಹಸಿದರೂ ತಿದ್ದಿಕೊಳ್ಳಲಿಲ್ಲ. ಎಳೆಗಳು ತಮ್ಮ ಹಳೆಯ ವಿಳಾಸಕ್ಕೇ ಹೋಗಿ ಸೇರಿದ್ದವು. ಸಸ್ತನಿಗಳಲ್ಲಿ ಇಷ್ಟು ಕೂಡ ಆಗುವುದಿಲ್ಲ. ಕತ್ತರಿಸಿದ ಎಳೆ ಅಲ್ಲೇ ಮುದುಡಿಕೊಳ್ಳುತ್ತದೆ. ಹಾಗೆಂದು ಈ ಬಾಗಿಲು ಪೂರ್ತಿ ಮುಚ್ಚಿದ್ದೂ ಅಲ್ಲ, ಅದನ್ನು ತಟ್ಟುತ್ತಾ ಬಂದವರ ಸಾಲು ಉದ್ದವಿದೆ. ಸ್ಪೇನಿನ ರಾಮೋನ್ ಇ ಕಹಾಲರ ಶಿಷ್ಯ ಟೆಲ್ಲೊ 1911ರಲ್ಲೇ ಮೊಲದ ದೃಷ್ಟಿನರಕ್ಕೆ ಕಾಲಿನ ನರದ ತುಂಡು ಜೋಡಿಸಿ, ಅದರೊಳಗೆ ಎಳೆಗಳು ಚಿಗುರುವುದನ್ನು ಕಂಡಿದ್ದರು. 1980ರ ದಶಕದಲ್ಲಿ ಕೆನಡಾದ ಆಲ್ಬರ್ಟ್ ಅಗಾಯೊ ಗುಂಪು ಅದೇ ಉಪಾಯದಿಂದ ಇಲಿಗಳಲ್ಲಿ ಎಳೆಗಳನ್ನು ಮಿದುಳಿನವರೆಗೂ ಮುಟ್ಟಿಸಿತು. 2008ರಲ್ಲಿ ಬಾಸ್ಟನ್ನಿನ ಝಿಗಾಂಗ್ ಹ ಅವರ ಪ್ರಯೋಗಾಲಯ, ಪಿಟೆನ್ ಎಂಬ ಒಂದು ಜೀನನ್ನು ತೆಗೆದುಹಾಕಿದರೆ ಇಲಿಯ ಗ್ಯಾಂಗ್ಲಿಯನ್ ಕೋಶಗಳಲ್ಲಿ ಕೆಲವು ಮತ್ತೆ ಎಳೆ ಚಾಚುತ್ತವೆ ಎಂದು ತೋರಿಸಿತು. ನನಗೆ ಇವೆಲ್ಲಕ್ಕಿಂತ ಹೆಚ್ಚು ಬುದ್ಧಿ ಹೇಳುವುದು ಅವರದೇ 2016ರ ಪ್ರಯೋಗ. ಇಲಿಯ ಎಳೆಗಳು ಮಿದುಳು ಮುಟ್ಟಿದವು, ಅಲ್ಲಿನ ಕೋಶಗಳೊಂದಿಗೆ ಸಂಪರ್ಕವನ್ನೂ ಕಟ್ಟಿದವು, ಇಲಿಗೆ ಮಾತ್ರ ನೋಟ ಸುಧಾರಿಸಲಿಲ್ಲ. ಹೊಸ ಎಳೆಗಳ ಮೇಲೆ ಮಯಲಿನ್ ಹೊದಿಕೆ ಇರಲಿಲ್ಲ, ಸಂಕೇತ ದಾರಿಯಲ್ಲೇ ಸೋರಿಹೋಗುತ್ತಿತ್ತು. ಸಂಕೇತವಾಹನವನ್ನು ಸುಧಾರಿಸುವ ಒಂದು ಔಷಧ ಕೊಟ್ಟಾಗಷ್ಟೇ ಇಲಿ ಸ್ವಲ್ಪ ಮಟ್ಟಿಗೆ ಗೆರೆಗಳನ್ನು ಹಿಂಬಾಲಿಸಿತು. ಇದು ಕೆಲವೇ ಮಿಲಿಮೀಟರ್ ನರವಿರುವ, ಜೀನುಗಳನ್ನು ಬೇಕಾದಂತೆ ತಿದ್ದಿದ ಇಲಿಯ ಕತೆ. ಸೊಂಟದಿಂದ ಎಳೆದ ಮಜ್ಜೆಯನ್ನು ಕಣ್ಣಿನ ಹಿಂದೆ ಚುಚ್ಚಿದರೆ ಇಷ್ಟೂ ಹಂತ ತಾನಾಗಿ ದಾಟುತ್ತದೆ ಎನ್ನುವವರು ಅದು ಹೇಗೆಂದು ಹೇಳುವ ಹೊಣೆಯನ್ನೂ ಹೊರಬೇಕು.

ಮನುಷ್ಯರಲ್ಲೇ ಆದ ಒಂದು ಪ್ರಸಂಗವೂ ಇದೆ. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಯಲ್ಲಿ, ಹೈವೋಲ್ಟೇಜ್ ವಿದ್ಯುತ್ ತಗುಲಿ ಮುಖ ಸುಟ್ಟುಹೋಗಿದ್ದ ಮಾಜಿ ಸೈನಿಕರೊಬ್ಬರಿಗೆ ಎಡೂವಾರ್ಡೊ ರಾಡ್ರಿಗಸ್ ನೇತೃತ್ವದ ತಂಡ ಅರ್ಧ ಮುಖದ ಜೊತೆಗೆ ಇಡೀ ಎಡಗಣ್ಣನ್ನೇ ಕಸಿ ಮಾಡಿತು. ಲೋಕದಲ್ಲಿ ಅದೇ ಮೊದಲು. ಆಪರೇಷನ್ ಸುಮಾರು 21 ಗಂಟೆ ಹಿಡಿಯಿತು. ದಾನಿಯ ನರವನ್ನು ರೋಗಿಯ ನರಕ್ಕೆ ಕೂಡಿಸಿದ ಜಾಗದಲ್ಲಿ ದಾನಿಯ ಮಜ್ಜೆಯಿಂದ ತೆಗೆದ ಆಕರಕೋಶಗಳನ್ನೂ ಹಾಕಿದರು. ಕಸಿಯಾದ ಕಣ್ಣು ಬದುಕಿತು, ರಕ್ತ ಹರಿಯಿತು, ಒತ್ತಡ ಸರಿಯಾಗಿತ್ತು. ಬೆಳಕು ಬಿಟ್ಟಾಗ ರೆಟಿನಾದಿಂದ ವಿದ್ಯುತ್ ಪ್ರತಿಕ್ರಿಯೆಯೂ ದಾಖಲಾಯಿತು. ಒಂದು ವರ್ಷದ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸುವಾಗ ಆ ತಂಡ ಮುಚ್ಚುಮರೆಯಿಲ್ಲದೆ ಹೇಳಿತು: ಆ ಕಣ್ಣಿಗೆ ನೋಟ ಬಂದಿಲ್ಲ. ಲೋಕದ ಅತಿ ನುರಿತ ಕೈಗಳು, ತಾಜಾ ಕಣ್ಣು, ನೇರವಾಗಿ ಗಾಯದ ಜಾಗಕ್ಕೇ ಹಾಕಿದ ಆಕರಕೋಶ, ಇಷ್ಟೆಲ್ಲ ಒಟ್ಟಿಗಿದ್ದಾಗಲೂ ನರ ದಾಟಲಿಲ್ಲ. ಒಂದೇ ಪ್ರಕರಣದಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೆ ತಡೆ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಗುರುತು ಸಿಗಲಿಕ್ಕಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪಣೆ ಬಲವಾದದ್ದೇ. ಕಣ್ಣಿಗೆ ಆಕರಕೋಶ ಚಿಕಿತ್ಸೆ ಫಲಿಸಿಲ್ಲವೇ? ಫಲಿಸಿದೆ, ಅದೂ ನಮ್ಮ ಪಕ್ಕದಲ್ಲೇ. ಸುಣ್ಣವೋ ಆಸಿಡ್ಡೋ ಬಿದ್ದು ಕಾರ್ನಿಯಾದ ಅಂಚಿನ ಆಕರಕೋಶಗಳು ಸತ್ತವರಿಗೆ, ಇನ್ನೊಂದು ಒಳ್ಳೆಯ ಕಣ್ಣಿನಿಂದ ಚೂರು ಅಂಗಾಂಶ ತೆಗೆದು ಹಚ್ಚುವ ಸರಳ ವಿಧಾನವನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು, ಇಂದು ಅದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇದೇ ತೊಂದರೆಗೆ ಇಟಲಿಯ ಪೆಲ್ಲೆಗ್ರಿನಿ ಮತ್ತು ಡಿ ಲೂಕಾ ಬೆಳೆಸಿದ ಕೋಶಚಿಕಿತ್ಸೆಗೆ 2015ರಲ್ಲಿ ಯುರೋಪಿನ ಒಪ್ಪಿಗೆ ಸಿಕ್ಕಿತು. ರೆಟಿನಾದ ಹಿಂದಿನ ಬಣ್ಣದ ಪದರದ ಮೇಲೂ ಗಂಭೀರವಾದ ಕೆಲಸ ನಡೆದಿದೆ. 2014ರಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಹಾಶಿ ತಂಡ ರೋಗಿಯ ಚರ್ಮದ ಕೋಶವನ್ನೇ ಮರಳಿ ಆಕರಕೋಶವಾಗಿಸಿ ಬೆಳೆಸಿದ ಹಾಳೆಯನ್ನು ಕಣ್ಣೊಳಗಿಟ್ಟಿತು. ಬೆಂಗಳೂರಿನ ಐಸ್ಟೆಮ್ ಸಂಸ್ಥೆ ವಯಸ್ಸಿನಿಂದ ಸವೆಯುವ ಮ್ಯಾಕ್ಯುಲಾಕ್ಕೆ, ಅಂದರೆ ರೆಟಿನಾದ ನಡುಭಾಗಕ್ಕೆ, ಇಂಥದೇ ಪದರದ ಕೋಶಗಳನ್ನು ಮಾನವ ಪರೀಕ್ಷೆಯ ಹಂತಕ್ಕೆ ತಂದಿದೆ. ಇವೆಲ್ಲ ಹೆಮ್ಮೆಯ ಮಾತೇ. ಆದರೆ ಕಾರ್ನಿಯಾದ ಮೇಲ್ಪದರವಾಗಲಿ ಬಣ್ಣದ ಪದರವಾಗಲಿ ತನ್ನ ಜಾಗದಲ್ಲೇ ಕೂತು ಕೆಲಸ ಮಾಡುವಂಥದು. ಹೊಸ ಕೋಶ ಅಲ್ಲಿ ಅಂಟಿಕೊಂಡರೆ ಕೆಲಸ ಬಹುಮಟ್ಟಿಗೆ ಆಯಿತು; ಎಲ್ಲಿಗೂ ಎಳೆ ಚಾಚಬೇಕಿಲ್ಲ. ಮುಂಬಾಗಿಲಿನ ಯಶಸ್ಸನ್ನು ತೋರಿಸಿ ಹಿತ್ತಲಿನ ಮಾಲು ಮಾರುವುದು ಈ ವ್ಯಾಪಾರದ ಹಳೆಯ ಜಾಣತನ. ಅಂದಹಾಗೆ ಆ ಕೋಬೆಯ ರೋಗಿಯ ದೃಷ್ಟಿ ಇನ್ನಷ್ಟು ಕೆಡದೆ ನಿಂತಿತು, ಆದರೆ ಹೆಚ್ಚಲಿಲ್ಲ ಎಂದು ತಕಹಾಶಿಯವರೇ ಬರೆದರು. ಎರಡನೇ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡಾಗ ಕಸಿ ಮಾಡದೆ ನಿಲ್ಲಿಸಿದರು.

ಇನ್ನೊಂದು ವಾದ ಇದಕ್ಕಿಂತ ಸೂಕ್ಷ್ಮ. ಸತ್ತ ಕೋಶದ ಜಾಗ ತುಂಬುವುದು ಬೇಡ, ಸಾಯುತ್ತಿರುವವನ್ನು ಉಳಿಸಿದರೆ ಸಾಲದೇ, ಆಕರಕೋಶಗಳು ಸ್ರವಿಸುವ ಪೋಷಕ ದ್ರವ್ಯಗಳು ಅದನ್ನು ಮಾಡಲಾರವೇ ಎಂಬುದು. ಈ ವಿಚಾರವನ್ನು ತಳ್ಳಿಹಾಕುವಂತಿಲ್ಲ. ಸಿಎನ್‌ಟಿಎಫ್ ಎಂಬ ಪೋಷಕ ಪ್ರೋಟೀನನ್ನು ಸ್ರವಿಸುವ ಕೋಶಗಳನ್ನು ಪುಟ್ಟ ಕೊಳವೆಯಲ್ಲಿ ಬಂಧಿಸಿ ಕಣ್ಣೊಳಗಿಡುವ ಸಾಧನಕ್ಕೆ 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ರೆಟಿನಾದ ಒಂದು ಅಪರೂಪದ ಕಾಯಿಲೆಗೆ ಒಪ್ಪಿಗೆ ಕೊಟ್ಟಿದೆ. ಸ್ಟ್ಯಾನ್‌ಫರ್ಡಿನಲ್ಲಿ ಅದನ್ನು ಗ್ಲಾಕೋಮಾಕ್ಕೂ ಪರೀಕ್ಷಿಸುತ್ತಿದ್ದಾರೆ. ನನಗೆ ಹತ್ತಿರದ ಭರವಸೆ ಕಾಣುವುದು ಈ ದಾರಿಯಲ್ಲೇ. ಆದರೆ ಅಲ್ಲಿ ಕೋಶ ಯಾವುದು, ಪ್ರೋಟೀನ್ ಯಾವುದು, ಪ್ರಮಾಣ ಎಷ್ಟು ಎಂಬುದು ಗೊತ್ತಿದೆ. ಕೋಶಗಳು ಕೊಳವೆ ಬಿಟ್ಟು ಅಲೆಯುವುದಿಲ್ಲ, ಬೇಡವೆನಿಸಿದರೆ ಕೊಳವೆಯನ್ನೇ ತೆಗೆಯಬಹುದು. ಸಡಿಲವಾಗಿ ಚುಚ್ಚಿದ ಕೋಶಗಳ ಗತಿ ಬೇರೆ. ಬ್ರೆಜಿಲ್‌ನಲ್ಲಿ ತೀರಾ ಮುಂದುವರಿದ ಗ್ಲಾಕೋಮಾದ ಇಬ್ಬರಿಗೆ ಅವರದೇ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಕಣ್ಣೊಳಗೆ ಚುಚ್ಚಿ, ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದರು: ದೃಷ್ಟಿ ಸುಧಾರಿಸಲಿಲ್ಲ, ಒಬ್ಬರ ರೆಟಿನಾ ಕಳಚಿತು. ಅಲ್ಲದೆ 'ಉಳಿಸುವುದು' ಎಂಬ ಮಾತೂ 'ಮರಳಿಸುವುದು' ಎಂಬ ಮಾತೂ ಒಂದೇ ಅಲ್ಲ. ಹತ್ತು ವರ್ಷದ ಹಿಂದೆ ಸತ್ತ ಕೋಶಕ್ಕೆ ಪೋಷಣೆ ಕೊಡಲು ಬರುವುದಿಲ್ಲ. ಜಾಹೀರಾತು ಕರೆಯುವುದು ಮಾತ್ರ ಹತ್ತು ವರ್ಷದ ಹಿಂದೆ ನೋಟ ಕಳೆದುಕೊಂಡವರನ್ನೇ.

ಹಾಗಾದರೆ ವಿಡಿಯೊದಲ್ಲಿ ಮಾತನಾಡುವವರು? ಅಮೆರಿಕದ ಫ್ಲಾರಿಡಾದಲ್ಲಿ 2013ರಲ್ಲಿ ನೋಂದಣಿಯಾದ ಒಂದು ಅಧ್ಯಯನದಲ್ಲಿ ರೋಗಿಗಳೇ ಹಣ ತೆತ್ತು ಮಜ್ಜೆಯ ಕೋಶಗಳನ್ನು ಚುಚ್ಚಿಸಿಕೊಂಡರು. ಲೇಬರ್ ಕಾಯಿಲೆ, ರಕ್ತ ಸಾಲದ ನರ, ಇನ್ನೂ ಹಲವು ಬಗೆಯವರು ಅದರಲ್ಲಿದ್ದರು. ಸುಧಾರಣೆಯ ವರದಿಗಳೂ ಸಾಲಾಗಿ ಬಂದವು. ಹೋಲಿಕೆಯ ಗುಂಪು ಇರಲಿಲ್ಲ. ಅದರ ಪಕ್ಕದಲ್ಲಿ, ಅದೇ ಲೇಬರ್ ಕಾಯಿಲೆಗೆ ಸರಿಯಾದ ರೀತಿಯಲ್ಲಿ ನಡೆದ ಜೀನ್ ಚಿಕಿತ್ಸೆಯ ಪರೀಕ್ಷೆಯೊಂದನ್ನು ಇಟ್ಟು ನೋಡಬೇಕು. ಮೈಟೊಕಾಂಡ್ರಿಯಾದ ಜೀನ್ ದೋಷದಿಂದ, ಹೆಚ್ಚಾಗಿ ಹರೆಯದ ಗಂಡಸರಲ್ಲಿ, ಒಂದು ಕಣ್ಣಾದ ಮೇಲೆ ಇನ್ನೊಂದು ಮಂಕಾಗುವ ಕಾಯಿಲೆ ಅದು. 2020ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ 37 ಮಂದಿಗೆ ಒಂದು ಕಣ್ಣಿಗೆ ನಿಜವಾದ ಔಷಧ, ಇನ್ನೊಂದಕ್ಕೆ ಸೂಜಿಯಿಲ್ಲದ ಸಿರಿಂಜನ್ನು ಒತ್ತಿ ಚುಚ್ಚಿದಂತೆ ನಟಿಸಿದ ಹುಸಿ ಚಿಕಿತ್ಸೆ. 96 ವಾರಗಳಾದಾಗ ಔಷಧ ಪಡೆದ ಕಣ್ಣು ಸರಾಸರಿ 15 ಅಕ್ಷರ ಹೆಚ್ಚು ಓದಿತು. ಹುಸಿ ಚಿಕಿತ್ಸೆಯ ಕಣ್ಣು? ಹದಿಮೂರು. ಸಂಶೋಧಕರು ತಲೆ ಕೆರೆದುಕೊಂಡರು. ಕೋತಿಗಳ ಒಂದು ಕಣ್ಣಿಗೆ ಚುಚ್ಚಿ ನೋಡಿದಾಗ ಔಷಧ ಹೊತ್ತ ವೈರಸ್ಸಿನ ಡಿಎನ್‌ಎ ಇನ್ನೊಂದು ಕಣ್ಣಿನ ನರದಲ್ಲೂ ಸಿಕ್ಕಿತು, ಹಾಗಾಗಿ ಔಷಧವೇ ಅತ್ತ ದಾಟಿರಬಹುದು ಎಂದರು. ಇರಬಹುದು. ಆದರೆ ಯುರೋಪಿನ ಔಷಧ ಸಂಸ್ಥೆಯ ಪ್ರಶ್ನೆಗಳ ಮುಂದೆ ಆ ಔಷಧದ ಕಂಪನಿ ಒಪ್ಪಿಗೆ ಕೋರಿದ್ದ ತನ್ನ ಅರ್ಜಿಯನ್ನು 2023ರಲ್ಲಿ ವಾಪಸು ಪಡೆಯಿತು. ಇಷ್ಟು ಎಚ್ಚರದಿಂದ ಮಾಡಿದ ಪರೀಕ್ಷೆಯಲ್ಲೇ ಸುಧಾರಣೆ ಯಾವುದರಿಂದ ಬಂತು ಎಂದು ಬಿಡಿಸಿ ಹೇಳುವುದು ಇಷ್ಟು ಕಷ್ಟವಾಯಿತು. ಎದುರಿಗೆ ಹುಸಿ ಚಿಕಿತ್ಸೆಯ ಆ ಕಣ್ಣು ಇರದಿದ್ದರೆ 15 ಅಕ್ಷರದ ಗೆಲುವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ವಿಡಿಯೊದ ರೋಗಿಯ ಪ್ರಾಮಾಣಿಕತೆಯನ್ನು ಅನುಮಾನಿಸಬೇಕಾಗಿಲ್ಲ. ತಾನು ಚುಚ್ಚಿಸಿಕೊಳ್ಳದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಆತನಿಗೂ ಗೊತ್ತಿರುವುದಿಲ್ಲ, ಅಷ್ಟೆ.

'ಹೇಗೂ ಕಣ್ಣು ಹೋಗಿದೆ, ಇನ್ನು ಕಳೆದುಕೊಳ್ಳುವುದೇನು' ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ, ಅದರ ಹಿಂದಿನ ಸಂಕಟ ಸಣ್ಣದಲ್ಲ. ಆದರೂ ಆ ಮಾತು ಹೆಚ್ಚಿನ ಸಲ ವಾಸ್ತವವಲ್ಲ. 2015ರಲ್ಲಿ ಫ್ಲಾರಿಡಾದ ಒಂದು ಕ್ಲಿನಿಕ್ಕಿನಲ್ಲಿ 72ರಿಂದ 88 ವಯಸ್ಸಿನ ಮೂವರು ಮಹಿಳೆಯರಿಗೆ ಮ್ಯಾಕ್ಯುಲಾದ ಕಾಯಿಲೆಗೆಂದು ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದರು. ಅದಕ್ಕೆ ಅವರಿಂದ ತಲಾ 5,000 ಡಾಲರ್ ವಸೂಲಿಯಾಗಿತ್ತು. ಆ ಕ್ಲಿನಿಕ್ಕಿನ ಹೆಸರಿನಲ್ಲಿ ಸರ್ಕಾರಿ ಜಾಲತಾಣದಲ್ಲಿ ಒಂದು ಅಧ್ಯಯನ ನೋಂದಣಿಯಾಗಿದ್ದನ್ನು ಕಂಡು, ತಾವು ಸಂಶೋಧನೆಯಲ್ಲಿ ಭಾಗಿ ಎಂದು ಅವರಲ್ಲಿ ಕೆಲವರಾದರೂ ನಂಬಿದ್ದರು. ಒಂದೇ ವಾರದಲ್ಲಿ ರಕ್ತಸ್ರಾವ, ರೆಟಿನಾ ಕಳಚುವಿಕೆ. ಕ್ಲಿನಿಕ್ಕಿಗೆ ಹೋಗುವಾಗ ಅವರಲ್ಲಿ ಅತ್ಯುತ್ತಮ ಕಣ್ಣಿನ ದೃಷ್ಟಿ ನಮ್ಮ ಅಳತೆಯಲ್ಲಿ 6/9, ತೀರಾ ಮಂಕಾದದ್ದು 6/60. ವರ್ಷ ಕಳೆದಾಗ ಎಲ್ಲಕ್ಕಿಂತ ಚೆನ್ನಾಗಿದ್ದ ಕಣ್ಣೇ 6/60, ಕೆಲವು ಕಣ್ಣಿಗೆ ಬೆಳಕೂ ತಿಳಿಯದು. 2017ರಲ್ಲಿ ಇದನ್ನು ವರದಿ ಮಾಡಿದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಲೇಖನ ಓದಿದರೆ, ತನ್ನದೇ ದೇಹದ ಕೋಶ ತನಗೆ ಕೇಡು ಮಾಡದು ಎಂಬ ನಂಬಿಕೆಯೂ ಸಡಿಲವಾಗುತ್ತದೆ. ಕೊಬ್ಬಿನಲ್ಲಿ ಸುಮ್ಮನಿದ್ದ ಕೋಶ ಕಣ್ಣೊಳಗೆ ಬಂದಾಗ ನಾರುಪೊರೆ ಕಟ್ಟಿ ರೆಟಿನಾವನ್ನು ಎಳೆಯಬಲ್ಲದು. ದೃಷ್ಟಿನರದ ರೋಗಿಗಳಲ್ಲೂ ಎಷ್ಟೋ ಮಂದಿಗೆ ಕಿಟಕಿ ಎಲ್ಲಿದೆ, ಎದುರಿಗೆ ಯಾರೋ ಬಂದರು ಎಂಬಷ್ಟು ಉಳಿದಿರುತ್ತದೆ. ಒಬ್ಬರೇ ಬಚ್ಚಲಿಗೆ ಹೋಗಿಬರಲು ಅಷ್ಟು ಸಾಕು. ಫಲಕದ ಲೆಕ್ಕಕ್ಕೆ ಸೊನ್ನೆಯಂತೆ ಕಾಣುವ ಆ ನೋಟ ಬದುಕಿನ ಲೆಕ್ಕಕ್ಕೆ ಸೊನ್ನೆಯಲ್ಲ.

ನಿಯಮಗಳೇ ವಿಜ್ಞಾನದ ಕಾಲಿಗೆ ಸಂಕೋಲೆಯಾಗಿವೆ ಎನ್ನುವವರಿಗೆ ಜಪಾನಿನ ಉದಾಹರಣೆ ಸಾಕು. ಆ ದೇಶ 2014ರಿಂದ ಪುನರುತ್ಪಾದಕ ಚಿಕಿತ್ಸೆಗಳಿಗೆ ಸಣ್ಣ ಪರೀಕ್ಷೆಯ ಆಧಾರದಲ್ಲೇ ತಾತ್ಕಾಲಿಕ ಒಪ್ಪಿಗೆ ಕೊಡುವ ದಾರಿ ತೆರೆಯಿತು. ಹೃದಯಕ್ಕೆ ಅಂಟಿಸುವ ಸ್ನಾಯುಕೋಶದ ಹಾಳೆಯೊಂದು ಏಳು ರೋಗಿಗಳ ಫಲಿತಾಂಶದ ಮೇಲೆ 2015ರಲ್ಲಿ ಮಾರುಕಟ್ಟೆಗೆ ಬಂತು. 2024ರಲ್ಲಿ ಅಲ್ಲಿನ ಪರಿಣತರ ಸಮಿತಿ, ಅದು ಫಲಕಾರಿ ಎಂಬುದು ಸಾಬೀತಾಗಿಲ್ಲ ಎಂದಿತು. ನಡುವಿನ ವರ್ಷಗಳಲ್ಲಿ ಅದನ್ನು ಅಂಟಿಸಿಕೊಂಡವರು ಏನು ಪಡೆದರು ಎಂದು ಕೇಳಿದರೆ ಉತ್ತರವಿಲ್ಲ. ನಮ್ಮಲ್ಲಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿಯೇ ಇದೆ: ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತಕೋಶಗಳ ಕಸಿಯನ್ನು ಬಿಟ್ಟರೆ ಆಕರಕೋಶದ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನೊಳಗೇ ನಡೆಯಬೇಕು, ಅದರಲ್ಲಿ ಪಾಲ್ಗೊಳ್ಳುವವರಿಂದ ಹಣ ಪಡೆಯಬಾರದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಆಕರಕೋಶದಿಂದ ತಯಾರಿಸಿದ ಉತ್ಪನ್ನ ಯಾವಾಗಲೂ 'ಹೊಸ ಔಷಧ'ವೇ. ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆಯೂ ಪರಿಹಾರವೂ ಪ್ರಾಯೋಜಕರ ಹೊಣೆ. ಇದರಲ್ಲಿ ಸಂಶೋಧನೆ ಬೇಡ ಎನ್ನುವ ಒಂದು ಸಾಲೂ ಇಲ್ಲ. ಸಂಶೋಧನೆಯ ಖರ್ಚನ್ನು ರೋಗಿಯ ಹೊಲ ಮಾರಿ ತುಂಬಿಸಬೇಡಿ ಎಂದಷ್ಟೇ ಇದೆ. ಹಣ ಕೊಟ್ಟವರಿಗೆ ಹುಸಿ ಚಿಕಿತ್ಸೆ ಕೊಡಲಾಗದು. ಹುಸಿ ಚಿಕಿತ್ಸೆಯ ಗುಂಪಿಲ್ಲದೆ ಉತ್ತರ ಸಿಗದು. ಆದ್ದರಿಂದ ಶುಲ್ಕ ಪಡೆಯುವ 'ಸಂಶೋಧನೆ' ಬರೀ ಅನೈತಿಕವಾಗಿರುವುದಷ್ಟೇ ಅಲ್ಲ, ಹತ್ತು ವರ್ಷ ನಡೆದರೂ ಅದರಿಂದ ವಿಜ್ಞಾನಕ್ಕೆ ಏನೂ ಹುಟ್ಟದು.

ಪುರಾವೆ ಎಂದರೆ ಹೇಗಿರುತ್ತದೆ ಎಂಬುದಕ್ಕೆ ಇದೇ ನರದ ಕಾಯಿಲೆಯಲ್ಲಿ ಮಾದರಿ ಇದೆ, ಅಷ್ಟೇನೂ ರೋಚಕವಲ್ಲದ್ದು. ಬ್ರಿಟನ್ನಿನಲ್ಲಿ 516 ಮಂದಿ ಗ್ಲಾಕೋಮಾ ರೋಗಿಗಳಿಗೆ ಕಣ್ಣಿನ ಒತ್ತಡ ಇಳಿಸುವ ಲ್ಯಾಟನೊಪ್ರಾಸ್ಟ್ ಹನಿ ಇಲ್ಲವೇ ಹುಸಿ ಹನಿ ಕೊಟ್ಟು ಎರಡು ವರ್ಷ ನೋಡಿದರು. 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನೋಟದ ಹರವು ಇನ್ನಷ್ಟು ಕುಗ್ಗಿದವರು ಹುಸಿ ಹನಿಯ ಗುಂಪಿನಲ್ಲಿ ಶೇ 25.6, ನಿಜವಾದ ಹನಿಯ ಗುಂಪಿನಲ್ಲಿ ಶೇ 15.2. ಹನಿ ಹಾಕಿದರೂ ಕೆಲವರಿಗೆ ಕೆಡುತ್ತದೆ ಎಂಬುದನ್ನೂ ಈ ಅಂಕಿ ಮುಚ್ಚಿಡುವುದಿಲ್ಲ. ಹೋದದ್ದನ್ನು ಈ ಹನಿ ತರುವುದಿಲ್ಲ, ಹೋಗುವುದನ್ನು ನಿಧಾನಿಸುತ್ತದೆ. ಪೊರೆಯ ಆಪರೇಷನ್ ಆಗಿ ಮರುದಿನ ಪಟ್ಟಿ ಬಿಚ್ಚಿದಾಗ ಮೊಮ್ಮಗನ ಮುಖ ಕಂಡ ಕತೆಗಳಿಗೆ ನಾವು ಒಗ್ಗಿಹೋಗಿದ್ದೇವೆ. ಎಲ್ಲ ಕುರುಡಿಗೂ ಅಂಥದೊಂದು ಆಪರೇಷನ್ ಇರಲೇಬೇಕು ಎಂಬ ನಿರೀಕ್ಷೆ ಅಲ್ಲಿಂದ ಬರುತ್ತದೆ, ಆಕರಕೋಶದ ಅಂಗಡಿ ಆ ನಿರೀಕ್ಷೆಯ ಮೇಲೇ ನಡೆಯುತ್ತದೆ. ಗ್ಲಾಕೋಮಾದಲ್ಲಿ ನೋಟದ ಹರವಿನ ಪರೀಕ್ಷೆಯಲ್ಲಿ ಕೊರತೆ ಖಚಿತವಾಗಿ ಕಾಣುವ ಹೊತ್ತಿಗೆ ನಾಲ್ಕರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಗ್ಯಾಂಗ್ಲಿಯನ್ ಕೋಶಗಳು ಆಗಲೇ ಹೋಗಿರುತ್ತವೆ. ಆಂಧ್ರಪ್ರದೇಶ ಮತ್ತು ಚೆನ್ನೈ ಸುತ್ತಿನ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ಆ ಕಾಯಿಲೆಯಿದೆ ಎಂಬುದೇ ಗೊತ್ತಿರಲಿಲ್ಲ. ನಲವತ್ತಾದ ಮೇಲೆ ಕನ್ನಡಕದ ನಂಬರು ನೋಡಿಸಲು ಹೋದಾಗ ಒತ್ತಡವನ್ನೂ ಅಳೆದು, ಪಾಪೆ ಹಿಗ್ಗಿಸುವ ಹನಿ ಹಾಕಿ ನರದ ತಲೆಯನ್ನೂ ನೋಡಿದರೆ ಈ ಒಂಬತ್ತರಲ್ಲಿ ಬಹುಮಂದಿ ಸಿಗುತ್ತಾರೆ. ಕನ್ನಡಕದಂಗಡಿಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಇದು ನಡೆಯುವುದಿಲ್ಲ.

ನರದ ಪುನರುತ್ಪಾದನೆ ನಡೆಯುವುದೇ ಇಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. 2020ರಲ್ಲಿ ಹಾರ್ವರ್ಡಿನ ಡೇವಿಡ್ ಸಿಂಕ್ಲೇರ್ ತಂಡ, ಬಲಿತ ಕೋಶವನ್ನು ಮರಳಿ ಆಕರಕೋಶವಾಗಿಸಲು ಬಳಸುವ ಯಮನಾಕಾ ಜೀನುಗಳಲ್ಲಿ ಮೂರನ್ನು ಬಳಸಿ, ಗ್ಲಾಕೋಮಾದಂಥ ಸ್ಥಿತಿಯಿದ್ದ ಇಲಿಗಳ ನೋಟವನ್ನು ಭಾಗಶಃ ಮರಳಿಸಿತು. ಕೋಶ ಹಾಕದೆ, ಇರುವ ಕೋಶಗಳನ್ನೇ ಹರೆಯಕ್ಕೆ ತಿರುಗಿಸುವ ಉಪಾಯ ಅದು. ಪ್ರಯೋಗಾಲಯದಲ್ಲಿ ಬೆಳೆಸಿದ ಗ್ಯಾಂಗ್ಲಿಯನ್ ಕೋಶಗಳನ್ನು ಇಲಿಯ ಕಣ್ಣಲ್ಲಿ ನೆಲೆಗೊಳಿಸುವ ಕೆಲಸವೂ ಹಲವೆಡೆ ಸಾಗಿದೆ. ಇವುಗಳಲ್ಲಿ ಯಾವುದಾದರೂ ನಮ್ಮ ಊರಿನ ಆಸ್ಪತ್ರೆಗೆ ಟ್ರಯಲ್ ಆಗಿ ಬಂದ ದಿನ ಅದರಲ್ಲಿ ಸೇರಲು ರೋಗಿಗಳು ಹಿಂಜರಿಯಬಾರದು. ಬಂದದ್ದು ಟ್ರಯಲ್ಲೋ ಅಂಗಡಿಯೋ ಎಂದು ತಿಳಿಯಲು ವಿಜ್ಞಾನ ಓದಿರಬೇಕಿಲ್ಲ. ಭಾರತದ ಟ್ರಯಲ್ ನೋಂದಣಿ ಪಟ್ಟಿಯಾದ ಸಿಟಿಆರ್‌ಐ ಸಂಖ್ಯೆ ಕೇಳಿ, ಜಾಲತಾಣದಲ್ಲಿ ಅದೇ ಕಾಯಿಲೆ, ಅದೇ ಆಸ್ಪತ್ರೆ, ಅದೇ ವೈದ್ಯರ ಹೆಸರು ಇದೆಯೇ ನೋಡಬಹುದು. ನೋಂದಣಿ ಎಂದರೆ ಒಪ್ಪಿಗೆಯಲ್ಲ ಎಂಬುದನ್ನು ಫ್ಲಾರಿಡಾದ ಮೂವರ ಕತೆ ಹೇಳುತ್ತದೆ. ಹಾಗಾಗಿ ಔಷಧ ನಿಯಂತ್ರಕರ ಅನುಮತಿ ಪತ್ರ ಮತ್ತು ನೈತಿಕ ಸಮಿತಿಯ ಪತ್ರವನ್ನೂ ಕೇಳಬೇಕು. ನನಗೆ ಹುಸಿ ಚಿಕಿತ್ಸೆ ಬರುವ ಸಾಧ್ಯತೆ ಎಷ್ಟು ಎಂದು ಕೇಳಿದಾಗ ವೈದ್ಯರು ಅಂಕಿಯಲ್ಲೇ ಉತ್ತರಿಸಿದರೆ ಒಳ್ಳೆಯ ಲಕ್ಷಣ. ಇಲ್ಲಿ ಎಲ್ಲರಿಗೂ ನಿಜವಾದದ್ದನ್ನೇ ಕೊಡುತ್ತೇವೆ, ಎರಡೂ ಕಣ್ಣಿಗೆ ಒಂದೇ ದಿನ ಮುಗಿಸುತ್ತೇವೆ, ಅಡ್ವಾನ್ಸ್ ಕೌಂಟರಿನಲ್ಲಿ ಕಟ್ಟಿ ಎಂದರೆ ಕಟ್ಟದೆ ಹೊರಡಬಹುದು.